ಎಣ್ಣೆ ಸುರಿದ ಕೋವಿಗೆ ಗುರಿ ನಿಲ್ಲದು

ಮಾನ್ಯರೆ,

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಬರುತ್ತವೆ. ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡಲು ಹೊರಮೈ ಹೊಳೆದರೆ ಸಾಕು, ಹಬ್ಬದ ಸ್ಪರ್ಧೆಯಲ್ಲಿ ತೆಂಗಿನಕಾಯಿಗೆ ಗುರಿಯಿಡಲು ಸಾಲದು. ನಳಿಗೆಯ ಬಾಯಿಯಿಂದ ಎಣ್ಣೆ ಸುರಿದು, ಕಬ್ಬಿಣದ ಸರಳಿಗೆ ಬಟ್ಟೆ ಸುತ್ತಿ ತಿಕ್ಕುವ ರೂಢಿ ಕೆಲವೆಡೆ ಇನ್ನೂ ಇದೆ. ಸಣ್ಣ ಗುಂಡಿನ ಒಳ್ಳೊಳ್ಳೆಯ .22 ರೈಫಲ್‌ಗಳು ಕೆಡುವುದು ಹೀಗೆಯೇ.

ಗುಂಡು ನಳಿಗೆಯಿಂದ ಹೊರಬೀಳುವ ಅಂಚು ಸರಳು ಉಜ್ಜಿ ಒಂದು ಪಕ್ಕಕ್ಕೆ ಸವೆದರೆ, ಹಿಂದಿನಿಂದ ನುಗ್ಗುವ ಅನಿಲ ಗುಂಡನ್ನು ಓರೆಯಾಗಿ ತಳ್ಳುತ್ತದೆ. ಆಮೇಲೆ ಎಷ್ಟು ಒರೆಸಿದರೂ ಗುರಿ ಸರಿಹೋಗದು. ಆದ್ದರಿಂದ ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ತೆಗೆದು, ಹಿಂಬದಿಯಿಂದಲೇ ಸರಳು ತೂರಿಸಬೇಕು. ಸರಳು ಹಿತ್ತಾಳೆಯದ್ದೋ ಪ್ಲಾಸ್ಟಿಕ್ ಹೊದಿಕೆಯದ್ದೋ ಆಗಿರಲಿ. ತುಂಡು ಜೋಡಿಸಿದ್ದಾದರೆ ಕೀಲುಗಳು ಒಳಗೆ ಗೀರುತ್ತವೆ. ಮೊದಲು ಸಾಲ್ವೆಂಟ್‌ನಲ್ಲಿ (ಕೊಳೆ ಕರಗಿಸುವ ದ್ರವ) ನೆನೆದ ಬಟ್ಟೆ ಹಾಯಿಸಿ ಹತ್ತು ನಿಮಿಷ ಬಿಡಿ. ಮಸಿ ಬಿಡಿಸುವುದು ತೋಳ್ಬಲವಲ್ಲ, ಈ ಕಾಯುವಿಕೆ. ನಂತರ ಕಂಚಿನ ಬ್ರಶ್. ಅದನ್ನು ಪೂರ್ತಿ ಹೊರಗೆ ಬರುವವರೆಗೂ ತಳ್ಳಬೇಕು, ನಡುವೆ ಹಿಂದಕ್ಕೆಳೆಯಬಾರದು. ಕೊನೆಗೆ ಒಣಬಟ್ಟೆಗಳು, ಬಿಳಿಯಾಗಿ ಬರುವ ತನಕ.

.22ರಲ್ಲಿ ಕೂರುವುದು ಸೀಸ ಮತ್ತು ಮೇಣ, ಅದೂ ತೋಟಾ ಕೂರುವ ಜಾಗದ ಸ್ವಲ್ಪ ಮುಂದೆ. ಅದಕ್ಕಿಂತ ದೊಡ್ಡ ಗುಂಡಿನ .315 ರೈಫಲ್‌ನಲ್ಲಿ ತಾಮ್ರ. ಅದಕ್ಕೆ ಅಮೋನಿಯಾ ಇರುವ ಸಾಲ್ವೆಂಟ್ ಬೇಕು, ರಾತ್ರಿಯಿಡೀ ಬಿಡಬಾರದು. ಬಟ್ಟೆ ನೀಲಿಯಾದರೆ ತಾಮ್ರ ಉಳಿದಿದೆ ಎಂದರ್ಥ. ಆದರೆ ಕಂಚಿನ ಬ್ರಶ್ಶೂ ಅದೇ ಬಣ್ಣ ಬಿಡುತ್ತದೆ, ಮೋಸಹೋಗಬೇಡಿ. ಚರೆ ಹಾರಿಸುವ 12 ಬೋರಿನ ಜೋಡುನಳಿಗೆ ಕೋವಿಯಲ್ಲಿ ಬಾಯಿಯ ಬಳಿ ಕಿರಿದಾಗುವಲ್ಲಿ ಪ್ಲಾಸ್ಟಿಕ್ ವ್ಯಾಡಿನ (ತೋಟಾದೊಳಗೆ ಮದ್ದಿಗೂ ಚರೆಗೂ ನಡುವಿನ ಬಿರಡೆ) ಪದರ ಅಂಟಿರುತ್ತದೆ.

ತೆಂಗಿನೆಣ್ಣೆ ಬೇಡವೇ ಬೇಡ: 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಚಳಿ ಅದಕ್ಕೆ ಧಾರಾಳವಾಯಿತು. ಸೀಮೆಎಣ್ಣೆ ಕೊಳೆ ತೆಗೆದೀತು, ತುಕ್ಕು ತಡೆಯದು. ಕೋವಿ ಎಣ್ಣೆಯ ಎರಡು ಮೂರು ಹನಿ ಬಟ್ಟೆಗೆ ಸವರಿ ಹಾಯಿಸಿದರೆ ಸಾಕು. ಹಾರಿಸುವ ಮುನ್ನ ಅದನ್ನೂ ಒಣಬಟ್ಟೆಯಿಂದ ತೆಗೆದು, ಬಟ್ಟೆಯ ಚೂರು ಒಳಗುಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ. ಚೂರು ಉಳಿದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು.

ಚೆನ್ನಾಗಿ ಶುಚಿಮಾಡಿದ .22 ಮೊದಲ ಕೆಲವು ಗುಂಡುಗಳನ್ನು ಬೇರೆಡೆಗೇ ಹಾಕುತ್ತದೆ. ಸ್ಪರ್ಧೆಯ ಆಯೋಜಕರು ಸುರಕ್ಷಿತ ಮಣ್ಣುದಿಬ್ಬಕ್ಕೆ ಎರಡು ಮೂರು ಗುಂಡು ಹಾರಿಸಲು ಅವಕಾಶ ಕೊಟ್ಟರೆ ನ್ಯಾಯವಾದೀತು.

ಬಾಯಿಯಿಂದ ಕರಿಮದ್ದು ತುಂಬುವ ಕೇಪಿನ ಕೋವಿಯ ಲೆಕ್ಕ ಬೇರೆ. ಕರಿಮದ್ದು ಉರಿದು ಉಳಿಸುವ ಉಪ್ಪು ಎಣ್ಣೆಗೆ ಕರಗದು, ಬಿಸಿನೀರೇ ಆಗಬೇಕು. ಅಂದೇ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಯಾವ ಕೋವಿಯನ್ನೂ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿಡಬೇಡಿ, ಅದು ತೇವ ಹಿಡಿಯುತ್ತದೆ.

– ಓದುಗ, ಮಡಿಕೇರಿ