ಹೆಡಿಂಗ್ಲಿಯ ಬೆನ್ನ ಹಿಂದಿನ ಮೈದಾನ

ಇಂಗ್ಲೆಂಡಿನ ಲೀಡ್ಸ್ ನಗರದ ಹೆಡಿಂಗ್ಲಿ ಎಂದರೆ ನಮ್ಮವರಿಗೆ ಕ್ರಿಕೆಟ್. 2002ರಲ್ಲಿ ದ್ರಾವಿಡ್ ಹೊಡೆದ 148, ಅದೇ ಪಂದ್ಯದಲ್ಲಿ ಕುಂಬ್ಳೆ ಕಿತ್ತ ಏಳು ವಿಕೆಟ್, 2025ರಲ್ಲಿ ಕೆ.ಎಲ್. ರಾಹುಲ್ ಬಾರಿಸಿದ 137. ಆದರೆ ಅಲ್ಲಿ ಒಂದು ಸ್ಟ್ಯಾಂಡಿಗೆ ಎರಡು ಮುಖ. ಈ ಕಡೆ ಕೂತರೆ ಕ್ರಿಕೆಟ್, ಆ ಕಡೆ ಕೂತರೆ ರಗ್ಬಿ ಲೀಗ್, ಅಂದರೆ ತಂಡಕ್ಕೆ 13 ಜನ ಆಡುವ ರಗ್ಬಿ. ಆ ಕಡೆಯ ಮೈದಾನ ಲೀಡ್ಸ್ ರೈನೋಸ್ ತಂಡದ್ದು. ಅಪ್ಪ ಕೆವಿನ್ ಸಿನ್‌ಫೀಲ್ಡ್, ಮಗ ಜ್ಯಾಕ್ ಸಿನ್‌ಫೀಲ್ಡ್ ಇಬ್ಬರೂ ತೊಟ್ಟದ್ದು ಅದೇ ತಂಡದ ಜೆರ್ಸಿ.

ನಮ್ಮಲ್ಲಿ ಅನೇಕರಿಗೆ ಕೆವಿನ್ ಪರಿಚಯವಾದದ್ದು ಓಟದಿಂದ. ನರಗಳು ಸೋತು ಸ್ನಾಯುಗಳ ಬಲ ಕುಂದಿಸುವ ಮೋಟಾರ್ ನ್ಯೂರಾನ್ ಕಾಯಿಲೆಗೆ ತುತ್ತಾದ ಗೆಳೆಯ, ಲೀಡ್ಸ್ ತಂಡದ ಜೊತೆಗಾರ ರಾಬ್ ಬರೋಗಾಗಿ 2020ರ ಡಿಸೆಂಬರ್‌ನಲ್ಲಿ ಏಳು ದಿನ ಏಳು ಮ್ಯಾರಥಾನ್ ಓಡಿದರು. 2023ರ ಲೀಡ್ಸ್ ಮ್ಯಾರಥಾನ್‌ನಲ್ಲಿ ಗಾಲಿಕುರ್ಚಿಯಿಂದ ಗೆಳೆಯನನ್ನು ಎತ್ತಿಕೊಂಡೇ ಗೆರೆ ದಾಟಿದರು. ಅದಕ್ಕೂ ಮೊದಲಿನ ಅವರ ಆಟದ ಬದುಕು ಇನ್ನೂ ದೊಡ್ಡದು. 1997ರಲ್ಲಿ 16ರ ಹರೆಯದಲ್ಲಿ ಲೀಡ್ಸ್ ಪರ ಮೊದಲ ಪಂದ್ಯ, 2003ರಿಂದ ನಾಯಕತ್ವ, 2015ರವರೆಗೆ 500ಕ್ಕೂ ಹೆಚ್ಚು ಪಂದ್ಯ, ಲೀಗ್ ಪ್ರಶಸ್ತಿ ನಿರ್ಧರಿಸುವ ಗ್ರ್ಯಾಂಡ್ ಫೈನಲ್‌ನಲ್ಲಿ ಏಳು ಗೆಲುವು. ಜ್ಯಾಕ್ ಮೊದಲ ತಂಡಕ್ಕೆ ಬಂದದ್ದು 2022ರಲ್ಲಿ, ಹಾಫ್‌ಬ್ಯಾಕ್ ಆಗಿ, ಅಂದರೆ ದಾಳಿ ಹೆಣೆದು ಚೆಂಡು ಒದೆಯುವ ಆಟಗಾರನಾಗಿ.

ಕೆವಿನ್ ಅವರ ಹೆಚ್ಚಿನ ಅಂಕಗಳು ಬಂದದ್ದು ಗೋಲ್ ಕಿಕ್‌ನಿಂದ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, 4 ಅಂಕ; ಆಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2. ಚೆಂಡನ್ನು ನೆಲಕ್ಕೆ ಒತ್ತಿದ ಜಾಗದ ನೇರಕ್ಕೇ ಕಿಕ್ ಹೊಡೆಯಬೇಕು, ಎಷ್ಟು ಹಿಂದೆ ಸರಿಯಬೇಕು ಎಂಬುದು ಮಾತ್ರ ಕಿಕ್ಕರ್ ಇಷ್ಟ. ಕಂಬಗಳ ನಡುವೆ ಇರುವುದು 5.5 ಮೀಟರ್. ಟ್ರೈ ಮಧ್ಯದಿಂದ 15 ಮೀಟರ್ ಪಕ್ಕದಲ್ಲಿ ಬಿತ್ತು ಅನ್ನಿ. ಟ್ರೈ ಗೆರೆಯಿಂದ 5 ಮೀಟರ್ ಹಿಂದೆ ನಿಂತರೆ ಕಂಬಗಳ ನಡುವೆ ಕಾಣುವ ಕೋನ ಬರೀ ಆರೂವರೆ ಡಿಗ್ರಿ. 15 ಮೀಟರ್ ಹಿಂದೆ ಹೋದರೆ ಹತ್ತೂವರೆ. ಪಕ್ಕಕ್ಕೆ ಎಷ್ಟೋ ಹಿಂದಕ್ಕೂ ಹೆಚ್ಚುಕಡಿಮೆ ಅಷ್ಟೇ, ಇದೇ ಲೆಕ್ಕ. ತೀರಾ ಅಂಚಿನಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ: ಅಷ್ಟು ಹಿಂದಕ್ಕೆ ಹೋದರೆ ದೂರ ಬೆಳೆದು, ಸಣ್ಣ ತಪ್ಪೂ ಕಂಬದ ಹತ್ತಿರ ಬರುವಷ್ಟರಲ್ಲಿ ದೊಡ್ಡದಾಗಿರುತ್ತದೆ. 2015ರ ಗ್ರ್ಯಾಂಡ್ ಫೈನಲ್‌ನಲ್ಲಿ ವಿಗನ್ ಎದುರು 20-20 ಇದ್ದಾಗ ಕೆವಿನ್ ಹೊಡೆದ ಒಂದು ಕನ್ವರ್ಷನ್ನೇ 22-20ರ ಗೆಲುವು ತಂದಿತು. ಲೀಡ್ಸ್ ಪರ ರಗ್ಬಿ ಲೀಗ್‌ನಲ್ಲಿ ಅದೇ ಅವರ ಕೊನೆಯ ಪಂದ್ಯ.

ಮಗ ಮೈದಾನಕ್ಕಿಳಿದ ದಿನದಿಂದಲೇ ಅಪ್ಪನ ಅಂಕಿಗಳನ್ನು ಪಕ್ಕಕ್ಕಿಟ್ಟು ತೂಗುವುದು ಅನ್ಯಾಯ. ರೋಜರ್ ಬಿನ್ನಿ, ಸ್ಟುವರ್ಟ್ ಬಿನ್ನಿ ಇಬ್ಬರನ್ನೂ ಕರ್ನಾಟಕದ ಪರ ಆಡಿಸಿದ ನಾವು ಆ ತಪ್ಪನ್ನು ಸಾಕಷ್ಟು ಮಾಡಿದ್ದೇವೆ. ಹಾಫ್‌ಬ್ಯಾಕ್‌ನನ್ನು ಅವನ ಕೆಲಸದಿಂದಲೇ ಅಳೆಯಬೇಕು. ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ನಿಲ್ಲಿಸಿದರೆ ಅದು ಒಂದು ಟ್ಯಾಕಲ್; ಒಂದು ತಂಡಕ್ಕೆ ಸಿಗುವುದು ಅಂಥ ಆರು. ಆರನೆಯದರಲ್ಲೂ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ, ಆದ್ದರಿಂದ ಐದಾದ ಮೇಲೆ ಸಾಮಾನ್ಯವಾಗಿ ಒದೆಯಲೇಬೇಕು. ಹಾಫ್‌ಬ್ಯಾಕ್ ರಕ್ಷಣಾ ಸಾಲಿಗೆ ತೀರಾ ಹತ್ತಿರ ನಿಂತು ಚೆಂಡು ಪಡೆದರೆ ಯಾರದೋ ಎದೆಗೆ ಬಡಿದು ವಾಪಸು ಬರುತ್ತದೆ. ಜೋರಾಗಿ ಒದ್ದು ಚೆಂಡು ಕೊನೆಯ ಗೆರೆ ದಾಟಿ ಹೊರಬಿದ್ದರೆ ಎದುರಾಳಿಗೆ 20 ಮೀಟರ್ ಗೆರೆಯಿಂದ ಆರರ ಬದಲು ಏಳು ಟ್ಯಾಕಲ್ ಸಿಗುತ್ತದೆ. ತಮ್ಮ 40 ಮೀಟರ್ ಗೆರೆಯ ಹಿಂದಿನಿಂದ ಒದ್ದ ಚೆಂಡು ಒಳಗೇ ಪುಟಿದು, ಎದುರಾಳಿಯ 20 ಮೀಟರ್ ಒಳಗೆ ಪಕ್ಕದ ಗೆರೆ ದಾಟಿತೋ, ಚೆಂಡು ಮತ್ತೆ ಒದ್ದ ತಂಡದ್ದೇ. ಆಟದ ಅತ್ಯಂತ ಸೊಗಸಾದ ಒದೆತ ಇದೇ ಎಂಬುದು ನಮ್ಮ ಅಭಿಪ್ರಾಯ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಸೂಚನೆ. ನಾಲ್ಕು ಟ್ಯಾಕಲ್‌ವರೆಗೆ ಚೆಂಡಿನ ಹಿಂದೆಯೇ ಕಣ್ಣಿಡಿ. ಕಬಡ್ಡಿ ಗೊತ್ತಿದ್ದವರಿಗೆ ಆ ಹಿಡಿತ, ಆ ಜಗ್ಗಾಟ ಕಲಿಸಬೇಕಿಲ್ಲ. ಐದನೆಯದು ಆಗುತ್ತಿದ್ದಂತೆ ಚೆಂಡನ್ನು ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿರುವ ಹಾಫ್‌ಬ್ಯಾಕ್‌ನನ್ನು ತೋರಿಸಿ.