ಯಾರ್ಕ್‌ಟೌನ್‌ಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಬರುವ ವಾರ ಗೆಳತಿಯರೊಡನೆ ವರ್ಜೀನಿಯಾದ ಯಾರ್ಕ್‌ಟೌನ್ ನೋಡಲು ಹೋಗುವುದಾಗಿ ನೀನು ತಿಳಿಸಿದಾಗಿನಿಂದ ಆ ಊರಿನ ಬಗ್ಗೆ ಬರೆಯಬೇಕೆಂದುಕೊಂಡಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಕದನಗಳ ಹೆಸರು ಮತ್ತು ಇಸವಿಗಳಾಗಿಯೇ ಬಾಯಿಪಾಠ ಮಾಡಿಸಿದೆ. ಈಗ ಕಲಿಸುವುದಾದರೆ ಪ್ರತಿ ಕದನದ ಬಗ್ಗೆಯೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಮರುದಿನ ಆ ಸೈನಿಕರಿಗೆ ಊಟ ಎಲ್ಲಿಂದ ಬಂತು?

1775ರ ಜೂನ್‌ನಲ್ಲಿ ಬಾಸ್ಟನ್ ಬಳಿಯ ಬಂಕರ್ ಹಿಲ್ ಕದನದಲ್ಲಿ ಗುಡ್ಡವೇನೋ ಬ್ರಿಟಿಷರ ಕೈವಶವಾಯಿತು, ಆದರೆ ಸತ್ತು ಗಾಯಗೊಂಡ ಅವರ ಸೈನಿಕರ ಸಂಖ್ಯೆ ಸಾವಿರವನ್ನು ಮೀರಿತ್ತು. ಮರುವರ್ಷದ ಕ್ರಿಸ್‌ಮಸ್ ರಾತ್ರಿ ಅಮೆರಿಕನ್ನರ ಸೇನಾಪತಿ ವಾಷಿಂಗ್ಟನ್ ಸುಮಾರು 2,400 ಜನರೊಡನೆ ಮಂಜುಗಡ್ಡೆ ತೇಲುತ್ತಿದ್ದ ಡೆಲವೇರ್ ನದಿಯನ್ನು ದಾಟಿ, ಬೆಳಿಗ್ಗೆ ಟ್ರೆಂಟನ್‌ನಲ್ಲಿದ್ದ ಜರ್ಮನ್ ಬಾಡಿಗೆ ಸೈನಿಕರ ಮೇಲೆ ಬಿದ್ದು ಸುಮಾರು 900 ಮಂದಿಯನ್ನು ಸೆರೆಹಿಡಿದರು. ಹಾಗೆ ದಾಟಿದವರಲ್ಲಿ ಬೂಟುಗಳಿಲ್ಲದೆ ಕಾಲಿಗೆ ಬಟ್ಟೆ ಸುತ್ತಿಕೊಂಡವರೂ ಇದ್ದರು. 1777ರಲ್ಲಿ ಕೆನಡಾದಿಂದ ಕಾಡುದಾರಿಯಲ್ಲಿ ಇಳಿದುಬಂದ ಬ್ರಿಟಿಷ್ ಸೇನಾನಿ ಬರ್ಗಾಯ್ನ್‌ನ ದಂಡು ಕುದುರೆ ಮತ್ತು ದವಸ ತರಲು ಬೆನಿಂಗ್ಟನ್ ಕಡೆಗೆ ಕಳುಹಿಸಿದ ತುಕಡಿಯನ್ನೇ ಕಳೆದುಕೊಂಡು, ಕೊನೆಗೆ ಅಕ್ಟೋಬರ್ 17ರಂದು ಸಾರಟೋಗಾದಲ್ಲಿ ಶರಣಾಯಿತು. ಆ ಸುದ್ದಿ ಕೇಳಿದ ಮೇಲೆಯೇ ಫ್ರಾನ್ಸ್ ಬಹಿರಂಗವಾಗಿ ಅಮೆರಿಕನ್ನರ ಜೊತೆಗೆ ನಿಂತದ್ದು.

ನನ್ನನ್ನು ಬಹಳವಾಗಿ ಕಾಡುವ ಕದನವೆಂದರೆ ಉತ್ತರ ಕೆರೊಲಿನಾದ ಗಿಲ್ಫರ್ಡ್ ಕೋರ್ಟ್‌ಹೌಸ್. ಅಮೆರಿಕನ್ ಸೇನಾನಿ ನಥಾನಿಯಲ್ ಗ್ರೀನ್‌ನ ಸೈನ್ಯವನ್ನು ಬೆನ್ನಟ್ಟುವ ಅವಸರದಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ತನ್ನ ಸಾಮಾನಿನ ಬಂಡಿಗಳನ್ನೂ ಡೇರೆಗಳನ್ನೂ ತಾನೇ ಸುಡಿಸಿದ್ದ. 1781ರ ಮಾರ್ಚ್ 15ರಂದು ಅವನು ಗೆದ್ದ. ಆದರೆ ಸುಮಾರು 1,900 ಜನರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಬಿದ್ದಿದ್ದರು, ಆ ರಾತ್ರಿ ಸುರಿದ ಮಳೆಯಲ್ಲಿ ಗಾಯಾಳುಗಳು ನರಳುತ್ತ ಬಯಲಲ್ಲೇ ಉಳಿದರು, ಗೆದ್ದವರ ಹೊಟ್ಟೆಗೆ ಹಿಟ್ಟಿರಲಿಲ್ಲ. ಅನ್ನಕ್ಕಾಗಿ ಕಡಲ ದಂಡೆಗೆ ನಡೆದ ಆ ದಂಡೇ ಮುಂದೆ ಯಾರ್ಕ್‌ಟೌನ್ ಸೇರಿತು.

ಅಲ್ಲಿ ನೀನು ಮಣ್ಣಿನ ದಿಬ್ಬಗಳನ್ನೂ ಫಿರಂಗಿಗಳನ್ನೂ ನೋಡುತ್ತೀಯೆ. ಆದರೆ ಯಾರ್ಕ್‌ಟೌನಿನ ಹಣೆಬರಹ ನಿರ್ಧಾರವಾದದ್ದು ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ, ಒಂದೂ ಅಮೆರಿಕನ್ ಹಡಗಿಲ್ಲದ ಕಾಳಗದಲ್ಲಿ, ಎಂದೇ ನಾನು ನಂಬಿದ್ದೇನೆ. ನೌಕಾಪತಿ ದ ಗ್ರಾಸ್‌ನ 24 ಫ್ರೆಂಚ್ ಯುದ್ಧನೌಕೆಗಳ ಎದುರು ಬ್ರಿಟಿಷರ 19 ನೌಕೆಗಳು ನಿಲ್ಲಲಾರದೆ ನ್ಯೂಯಾರ್ಕಿಗೆ ಮರಳಿದ ಮೇಲೆ ಕಾರ್ನ್‌ವಾಲಿಸ್‌ಗೆ ಕಡಲ ದಾರಿ ಮುಚ್ಚಿಹೋಯಿತು. ನೆಲದ ಕಡೆಯಿಂದ ವಾಷಿಂಗ್ಟನ್ ಮತ್ತು ಫ್ರೆಂಚರ ಸೇನೆಗಳು ಸುತ್ತುವರಿದವು. ಮೇವಿಲ್ಲದೆ ನೂರಾರು ಕುದುರೆಗಳನ್ನು ಕೊಲ್ಲಿಸಿದ. ಬಿಡುಗಡೆಯ ಆಸೆಯಿಂದ ಒಡೆಯರನ್ನು ತೊರೆದು ಬ್ರಿಟಿಷರನ್ನು ನಂಬಿ ಬಂದಿದ್ದ ಕಪ್ಪು ಜನರನ್ನು, ಸಿಡುಬು ತಗುಲಿದವರನ್ನೂ ಬಿಡದೆ, ಹೊರಗಟ್ಟಲಾಯಿತು. ಸ್ವಾತಂತ್ರ್ಯ ಸಮರದ ಪಾಠದಲ್ಲಿ ಅವರ ವಿಷಯ ಹೇಳದೇ ಹೋದೆನಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಅಕ್ಟೋಬರ್ 19ರಂದು ಕಾರ್ನ್‌ವಾಲಿಸ್‌ನ ಏಳು ಸಾವಿರಕ್ಕೂ ಹೆಚ್ಚು ಸೈನಿಕರು ಶಸ್ತ್ರ ಕೆಳಗಿಟ್ಟರು. ಕಾರ್ನ್‌ವಾಲಿಸ್ ಅಸ್ವಸ್ಥನೆಂದು ಹೇಳಿಕಳುಹಿಸಿ, ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನ ಓ'ಹಾರಾನನ್ನು ಕಳುಹಿಸಿದ.

ಮಾರ್ಕೆಟ್ ಪಕ್ಕದ ಬೆಂಗಳೂರು ಕೋಟೆಗೆ ಕರೆದೊಯ್ದಿದ್ದಾಗ, ಗೋಡೆಯ ಕಲ್ಲಿನ ಫಲಕದ ಮೇಲೆ 1791ರ ಮಾರ್ಚ್ 21 ಎಂದು ಬೆರಳಿಟ್ಟು ಓದಿ, "ಇಲ್ಲಿಂದ ಒಳಗೆ ನುಗ್ಗಿದವರು ಯಾರಮ್ಮ?" ಎಂದು ನೀನು ಕೇಳಿದ್ದೆ. ಅದು ಮುಂದೆ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ ಇದೇ ಕಾರ್ನ್‌ವಾಲಿಸ್‌ನ ದಂಡು. ಆ ಮೇ ತಿಂಗಳಲ್ಲಿ ಅವನು ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದರೂ, ದವಸ ತೀರಿ ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಿದ. ಗಿಲ್ಫರ್ಡಿನ ಕಥೆಯೇ ಕಾವೇರಿ ತೀರದಲ್ಲಿ ಮರುಕಳಿಸಿತ್ತು. ಈ ಸಲ ಮಾತ್ರ ಮರಾಠರು ಮತ್ತು ನಿಜಾಮ ಅವನ ಬೆನ್ನಿಗಿದ್ದರು. ಮರುವರ್ಷ ಅವನು ಮತ್ತೆ ಬಂದ. ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು.

ಯಾರ್ಕ್‌ಟೌನಿನಲ್ಲಿ ದಿಬ್ಬಗಳನ್ನು ನೋಡಿದ ಮೇಲೆ ನದಿಯ ದಡಕ್ಕೂ ಹೋಗು. ನೀರು ಕೊಲ್ಲಿಯ ಕಡೆಗೆ ಸಾಗುವ ದಿಕ್ಕಿಗೆ ನಿಂತು ಒಂದು ಫೋಟೊ ತೆಗೆದು ನನಗೆ ಕಳುಹಿಸು.

ಇತಿ,
ನಿನ್ನ ಅಮ್ಮ