ಸೆಪ್ಟೆಂಬರ್ 15ರ ‘ದಿನ ವಿಶೇಷ’ ಅಚ್ಚಿಗೆ ಹೋಗುವ ಮುನ್ನ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಬರುವ ‘ಇತಿಹಾಸದಲ್ಲಿ ಈ ದಿನ’ ಪಟ್ಟಿಯ ಮೇಲೆ ಕಣ್ಣಾಡಿಸಿ ಮುಂದಿನ ಪುಟಕ್ಕೆ ಹೋಗುವವರೇ ಹೆಚ್ಚು. ಆದರೆ ಅದನ್ನು ಕತ್ತರಿಸಿ ಇಟ್ಟುಕೊಳ್ಳುವವರೂ ಇದ್ದಾರೆ. ಬೆಳಗಿನ ಪ್ರಾರ್ಥನೆಗೆ ಮುಂಚೆ ಅದನ್ನು ಕರಿಹಲಗೆಯ ಮೇಲೆ ಬರೆಸುವ ಮೇಷ್ಟ್ರು, ಕೆಪಿಎಸ್‌ಸಿ ಪರೀಕ್ಷೆಗೆ ಕೂತವರು, ಕ್ವಿಜ್ ನಡೆಸುವವರು. ಅಲ್ಲಿ ಒಂದು ಇಸವಿ ತಪ್ಪಿದರೆ ಅದು ನೋಟ್‌ಬುಕ್ಕಿಗೆ ಇಳಿದು, ಗೈಡಿಗೆ ಹತ್ತಿ, ಮರುವರ್ಷ ಇನ್ನೊಂದು ಪತ್ರಿಕೆಗೆ ‘ಆಕರ’ವಾಗಿ ಮರಳಿ ಬರುತ್ತದೆ. ಸೆಪ್ಟೆಂಬರ್ 15 ಹತ್ತಿರವಾಗುತ್ತಿದೆ. ತಪ್ಪು ನುಸುಳಲು ಈ ತಾರೀಖಿನಲ್ಲಿ ಕಿಂಡಿಗಳು ಜಾಸ್ತಿ ಇರುವುದರಿಂದ ಈ ಪತ್ರ.

ಮೊದಲ ಹೆಸರು ಸಹಜವಾಗಿಯೇ ಸರ್ ಎಂ. ವಿಶ್ವೇಶ್ವರಯ್ಯನವರದು. ಮುದ್ದೇನಹಳ್ಳಿ, ಸೆಪ್ಟೆಂಬರ್ 15: ಇಷ್ಟರಲ್ಲಿ ತಕರಾರಿಲ್ಲ. ತಕರಾರು ಇಸವಿಯದು. ಒಂದಷ್ಟು ಪುಸ್ತಕಗಳು 1860 ಎನ್ನುತ್ತವೆ, ಇನ್ನಷ್ಟು 1861 ಎನ್ನುತ್ತವೆ. ಅಂಚೆ ಇಲಾಖೆ ಅವರ ಜನ್ಮಶತಮಾನೋತ್ಸವದ 15 ನಯಾಪೈಸೆಯ ಅಂಚೆಚೀಟಿಯನ್ನು ಹೊರತಂದದ್ದು 1960ರ ಸೆಪ್ಟೆಂಬರ್ 15ರಂದು. (ಆಗ ಅವರು ಬದುಕಿದ್ದರು, ಬದುಕಿರುವವರ ಚಿತ್ರ ನಮ್ಮ ಅಂಚೆಚೀಟಿಯಲ್ಲಿ ಬಂದ ಉದಾಹರಣೆಗಳು ಬೆರಳೆಣಿಕೆಯವು.) ಅಂದರೆ ಆಗಿನ ಸರ್ಕಾರ 1860 ಎಂದೇ ನಂಬಿತ್ತು. ಈಚಿನ ಅನೇಕ ಆಕರಗಳು 1861 ಹಿಡಿಯುತ್ತವೆ. ಅವರು ತೀರಿಕೊಂಡದ್ದು 1962ರ ಏಪ್ರಿಲ್ 14. ಹುಟ್ಟಿದ್ದು 1860 ಎಂದಾದರೆ 101 ತುಂಬಿ 102 ನಡೆಯುತ್ತಿತ್ತು. 1861 ಎಂದಾದರೆ 100 ತುಂಬಿ 101 ನಡೆಯುತ್ತಿತ್ತು. ಹಾಗಾಗಿ ಅವರ ಆಯಸ್ಸು 100, 101, 102 ಎಂದು ಮೂರು ಬಗೆಯಲ್ಲಿ ಅಚ್ಚಾಗುತ್ತದೆ. ಒಂದೇ ಪುಟದಲ್ಲಿ 1861ರಲ್ಲಿ ಜನನ ಎಂದು ಹಾಕಿ ಕೆಳಗೆ 102 ವರ್ಷ ಬಾಳಿದರು ಎಂದು ಬರೆದರೆ ಮಾತ್ರ ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಇಸವಿಯ ಪಕ್ಕದಲ್ಲಿ ‘ಕೆಲವು ದಾಖಲೆಗಳಂತೆ 1860’ ಎಂದು ಸೇರಿಸಲು ಮೂರು ಪದದಷ್ಟು ಜಾಗ ಸಾಕು.

ಇನ್ನು ‘ಕನ್ನಂಬಾಡಿ ಕಟ್ಟಿದವರು’ ಎಂಬ ಒಂದು ಸಾಲು. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದದ್ದು 1909ರಿಂದ 1912, ದಿವಾನರಾಗಿದ್ದದ್ದು 1912ರಿಂದ 1918. ಕಾಮಗಾರಿ ಶುರುವಾದದ್ದು 1911ರಲ್ಲಿ, ಮುಗಿದದ್ದು ಮೂವತ್ತರ ದಶಕದ ಆರಂಭದಲ್ಲಿ. ಯೋಜನೆ, ಅದಕ್ಕಾಗಿ ನಡೆಸಿದ ಜಟಾಪಟಿ, ಅಡಿಪಾಯ ಅವರವು. ಮುಗಿಸಿದ ಕೈಗಳು ಬೇರೆ. ಸ್ವಯಂಚಾಲಿತ ತೂಬಿನ ಬಾಗಿಲುಗಳಿಗೂ ಇದೇ ಗತಿ. ಅವು ಮೊದಲು ಕೂತದ್ದು ಕನ್ನಂಬಾಡಿಯಲ್ಲಲ್ಲ, 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ. ಇದೇ ದಿನವನ್ನು ‘ವಿಶ್ವ ಎಂಜಿನಿಯರ್‌ಗಳ ದಿನ’ ಎಂದು ಹಾಕುವುದೂ ಉಂಟು. ಸೆಪ್ಟೆಂಬರ್ 15 ಭಾರತದ ಎಂಜಿನಿಯರ್‌ಗಳ ದಿನ. ಯುನೆಸ್ಕೊ ಘೋಷಿಸಿದ ವಿಶ್ವ ಎಂಜಿನಿಯರಿಂಗ್ ದಿನ ಮಾರ್ಚ್ 4.

ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸಿ.ಎನ್. ಅಣ್ಣಾದುರೈ ಹುಟ್ಟಿದ್ದೂ ಇದೇ ದಿನ, 1909ರಲ್ಲಿ, ಕಾಂಚೀಪುರದಲ್ಲಿ. ಅವರ ಹೆಸರಿನ ಮುಂದೆ ‘ಮದ್ರಾಸಿಗೆ ತಮಿಳುನಾಡು ಎಂದು ಹೆಸರಿಟ್ಟವರು (1967)’ ಎಂದು ಬರೆದರೆ ಅರ್ಧ ಸತ್ಯ. ವಿಧಾನಸಭೆ ನಿರ್ಣಯ ಮಾಡಿದ್ದು 1967ರ ಜುಲೈ 18, ಹೆಸರು ಜಾರಿಗೆ ಬಂದದ್ದು 1969ರ ಜನವರಿ 14. ಅದಾಗಿ ಇಪ್ಪತ್ತೇ ದಿನಕ್ಕೆ, ಫೆಬ್ರುವರಿ 3ರಂದು, ಅವರು ಹೋದರು. ನಿರ್ಣಯ, ಅಂಕಿತ, ಜಾರಿ ಈ ಮೂರಕ್ಕೂ ಬೇರೆ ಬೇರೆ ತಾರೀಖುಗಳಿರುತ್ತವೆ. ಯಾವುದನ್ನು ಹಾಕುತ್ತಿದ್ದೇವೆ ಎಂದು ಹೇಳದಿದ್ದರೆ ಎರಡು ಪತ್ರಿಕೆಗಳ ಪಟ್ಟಿ ಎಂದಿಗೂ ತಾಳೆಯಾಗುವುದಿಲ್ಲ. ಎರಡು ದಿನ ಬಿಟ್ಟು ಬರುವ ಕಲ್ಯಾಣ ಕರ್ನಾಟಕ ವಿಮೋಚನಾ ದಿನಕ್ಕೂ ಈ ಎಚ್ಚರ ಬೇಕು. 1948ರ ಸೆಪ್ಟೆಂಬರ್ 17 ನಿಜಾಮರು ಕದನವಿರಾಮ ಘೋಷಿಸಿದ ದಿನ. ಹೈದರಾಬಾದಿನ ಸೇನೆ ವಿಧಿವತ್ತಾಗಿ ಶರಣಾದದ್ದು 18ರಂದು. ಅಲ್ಲಿನ ಜಿಲ್ಲೆಗಳು ನಮ್ಮ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1.

ಅಗಾಥಾ ಕ್ರಿಸ್ಟಿ (1890), ಭೌತವಿಜ್ಞಾನಿ ಮರ್ರಿ ಗೆಲ್‌-ಮನ್ (1929) ಇವರ ವಿಷಯದಲ್ಲಿ ಗೊಂದಲವಿಲ್ಲ. ಹಾಲಿವುಡ್‌ನ ಆಲಿವರ್ ಸ್ಟೋನ್ ಮತ್ತು ಟಾಮಿ ಲೀ ಜೋನ್ಸ್ ಹುಟ್ಟಿದ್ದು ಒಂದೇ ದಿನ, ಒಂದೇ ಇಸವಿ, 1946, ಅದು ಮುದ್ರಣದೋಷವಲ್ಲ. ಮಾರ್ಕೊ ಪೋಲೊನನ್ನು ಮಾತ್ರ ದಯವಿಟ್ಟು ಕೈಬಿಡಿ. 1254ರ ಆಸುಪಾಸು ಎನ್ನುವುದಕ್ಕಷ್ಟೇ ಆಧಾರವಿದೆ, ಸೆಪ್ಟೆಂಬರ್ 15 ಎಂಬುದು ಆಮೇಲೆ ಅಂಟಿಕೊಂಡದ್ದು.

ಬಂಗಾಳದ ಕಾದಂಬರಿಕಾರ ಶರತ್‌ಚಂದ್ರ ಚಟರ್ಜಿಯವರದು ಬೇರೆಯೇ ತೊಡಕು. 1876ರ ಸೆಪ್ಟೆಂಬರ್ 15 ಬಂಗಾಳಿ ಲೆಕ್ಕದಲ್ಲಿ 1283ರ ಭಾದ್ರ 31. ಅದೇ ಭಾದ್ರ 31 ಈಗ ಒಂದೆರಡು ದಿನ ತಡವಾಗಿ ಬೀಳುತ್ತದೆ. ಕಾರಣ ನಮ್ಮ ಸಂಕ್ರಾಂತಿಯಲ್ಲೇ ಕಾಣುತ್ತದೆ. ನಕ್ಷತ್ರವನ್ನು ಹಿಡಿದು ಎಣಿಸುವ ಸೌರವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಒಂದು ದಿನ ಜರುಗುತ್ತದೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ಈಗ ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ. ಚಾಂದ್ರಮಾನದ ಜಯಂತಿಗಳಂತೂ ವರ್ಷಕ್ಕೊಂದು ತಾರೀಖಿಗೆ ಓಡಾಡುತ್ತವೆ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ, ಕನಕ ಜಯಂತಿ ಕಾರ್ತಿಕ ಬಹುಳ ತದಿಗೆಗೆ. ಕಳೆದ ವರ್ಷದ ಇಂಗ್ಲಿಷ್ ತಾರೀಖಿನ ಪಟ್ಟಿಯನ್ನು ಹಾಗೇ ಎತ್ತಿ ಹಾಕಿದಾಗ ‘ಇಂದು ಬಸವಣ್ಣನವರ ಜನ್ಮದಿನ’ ಎಂಬ ಸಾಲು ಎಲ್ಲೋ ಒಂದು ಮಂಗಳವಾರ ಒಂಟಿಯಾಗಿ ಕೂರುತ್ತದೆ.

ಯುರೋಪಿನಲ್ಲೂ ಇದು ತಪ್ಪಿದ್ದಲ್ಲ. ಬ್ರಿಟನ್ ಮತ್ತು ಅದರ ವಸಾಹತುಗಳು ಹಳೇ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಈಗಿನ ಗ್ರೆಗೋರಿಯನ್ ಹಿಡಿದಾಗ, 1752ರ ಸೆಪ್ಟೆಂಬರ್ 2 ಬುಧವಾರದ ಮರುದಿನವೇ 14 ಗುರುವಾರ. 15 ಎಂದರೆ ಹೊಸ ಕ್ಯಾಲೆಂಡರಿನ ಎರಡನೇ ದಿನ. ಅದಕ್ಕೂ ಹಿಂದಿನ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳು ಹಳೇ ಲೆಕ್ಕದವು, ಪಾಂಡಿಚೇರಿಯ ಫ್ರೆಂಚರವು ಹೊಸ ಲೆಕ್ಕದವು. ಹಾಗಾಗಿ ಕರ್ನಾಟಿಕ್ ಯುದ್ಧದ ಒಂದೇ ಘಟನೆಗೆ 11 ದಿನದ ಅಂತರ ಕಾಣುತ್ತದೆ. ರಷ್ಯಾ ಬದಲಾಯಿಸಿದ್ದು 1918ರಲ್ಲಿ. ಟಾಲ್‌ಸ್ಟಾಯ್ ಹುಟ್ಟಿದ್ದು ಆಗಸ್ಟ್ 28 ಎಂದು ಒಂದು ಕಡೆ, ಸೆಪ್ಟೆಂಬರ್ 9 ಎಂದು ಇನ್ನೊಂದು ಕಡೆ ಇದ್ದರೆ ಎರಡೂ ಸರಿ. ಹಳೇ ತಾರೀಖಿಗೆ ಕೂಡಿಸಬೇಕಾದದ್ದು ಹದಿನೇಳನೇ ಶತಮಾನಕ್ಕೆ 10 ದಿನ, ಹದಿನೆಂಟಕ್ಕೆ 11, ಹತ್ತೊಂಬತ್ತಕ್ಕೆ 12, ಇಪ್ಪತ್ತಕ್ಕೆ 13. ಕೆಲವರು ಈಗಾಗಲೇ ಕೂಡಿಸಿಟ್ಟ ತಾರೀಖಿಗೆ ಇನ್ನೊಮ್ಮೆ ಕೂಡಿಸುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟ ತಪ್ಪು, ಯಾಕೆಂದರೆ ಆಮೇಲೆ ಅದು ಯಾವ ಆಕರಕ್ಕೂ ತಾಳೆಯಾಗದು.

ಘಟನೆಗಳ ಕಡೆಗೆ ಬಂದರೆ, ‘1959: ಭಾರತದಲ್ಲಿ ದೂರದರ್ಶನ ಆರಂಭ’ ಎಂಬುದು ಖಾಯಂ ಸಾಲು. ಅಂದು ಶುರುವಾದದ್ದು ದೆಹಲಿಯಲ್ಲಿ ಮಾತ್ರ, ಅದೂ ಆಕಾಶವಾಣಿಯ ಕೆಳಗೆ, ಪ್ರಾಯೋಗಿಕವಾಗಿ. ದಿನನಿತ್ಯದ ಪ್ರಸಾರ 1965ರಲ್ಲಿ ಬಂತು. ಆಕಾಶವಾಣಿಯಿಂದ ಬೇರೆಯಾದದ್ದು 1976ರ ಏಪ್ರಿಲ್ 1. ಕರ್ನಾಟಕದ ಹಳ್ಳಿಗಳು ಟಿವಿ ಕಂಡದ್ದು 1975ರ ಆಗಸ್ಟ್‌ನಲ್ಲಿ ಶುರುವಾದ ಉಪಗ್ರಹ ಶಿಕ್ಷಣ ಪ್ರಯೋಗದಿಂದ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಮ್ಮ ಉತ್ತರದ ಜಿಲ್ಲೆಗಳ ಹಳ್ಳಿಗಳೂ ಇದ್ದವು. 1830ರ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ‘ಜಗತ್ತಿನ ಮೊದಲ ರೈಲು’ ಅಲ್ಲ. ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ಮಾರ್ಗ 1825ರಲ್ಲೇ ತೆರೆದಿತ್ತು. ಉದ್ಘಾಟನೆಯ ದಿನ ‘ರಾಕೆಟ್’ ಎಂಬ ಹೆಸರಿನ ಉಗಿ ಎಂಜಿನ್ನಿಗೆ ಸಿಕ್ಕಿ ಸತ್ತ ಬ್ರಿಟಿಷ್ ಸಂಸದ ವಿಲಿಯಂ ಹಸ್ಕಿಸನ್ ‘ರೈಲಿಗೆ ಬಲಿಯಾದ ಮೊದಲಿಗ’ನೂ ಅಲ್ಲ, ದೊಡ್ಡ ಸುದ್ದಿಯಾದ ಮೊದಲಿಗ. ಅಂದಿನ ಪತ್ರಿಕೆಯೇ ಆಕರ ಎಂದರೂ ಕಣ್ಮುಚ್ಚಿ ನಂಬುವಂತಿಲ್ಲ. 1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನಗಳನ್ನು ಉರುಳಿಸಿದೆವೆಂದು ಬ್ರಿಟನ್ ಸಾರಿತು. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆ ನೋಡಿದರೆ ಸಂಖ್ಯೆ 60ರ ಆಸುಪಾಸು.

ಡೆಸ್ಕಿನಲ್ಲಿ ಹತ್ತು ನಿಮಿಷ ಇದ್ದರೆ ಮಾಡಬಹುದಾದ ಕೆಲಸ ಇಷ್ಟು. ಪ್ರತಿ ಸಾಲಿಗೂ ಎರಡು ಆಕರ, ಎರಡನೆಯದು ಇನ್ನೊಂದು ಪತ್ರಿಕೆಯ ಇದೇ ಅಂಕಣ ಆಗಿರಬಾರದು. ಮರಣದ ಇಸವಿಯಿಂದ ಜನನದ ಇಸವಿ ಕಳೆಯಿರಿ. ಆ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿರದಿದ್ದರೆ ಒಂದು ಇಳಿಸಿ. ಮೂಲದಲ್ಲಿ ವಾರ ಕೊಟ್ಟಿದ್ದರೆ ಬಿಡಲೇಬೇಡಿ, ಅದೇ ಒಳ್ಳೆಯ ಸಾಕ್ಷಿ. 1901ರಿಂದ 2099ರೊಳಗೆ 28 ವರ್ಷಕ್ಕೊಮ್ಮೆ ವಾರ ಮರಳುತ್ತದೆ. 1959ರ ಸೆಪ್ಟೆಂಬರ್ 15 ಯಾವ ವಾರ ಎಂದು ತಿಳಿಯಲು 28ನ್ನು ಎರಡು ಸಲ ಕೂಡಿಸಿ ಮೊಬೈಲಿನ ಕ್ಯಾಲೆಂಡರಿನಲ್ಲಿ 2015 ತೆರೆದರೆ ಸಾಕು: ಮಂಗಳವಾರ. 1900ನ್ನು ದಾಟಿ ಹಿಂದೆ ಹೋಗುವಾಗ ಈ ಉಪಾಯ ಕೆಡುತ್ತದೆ, ಆ ವರ್ಷಕ್ಕೆ ಫೆಬ್ರುವರಿ 29 ಇರಲಿಲ್ಲ. ಶಾಸನದ ತಿಥಿಗಳಿಗೆ ಸಂಶೋಧಕರು ನೋಡುವುದು ಸ್ವಾಮಿಕಣ್ಣು ಪಿಳ್ಳೈಯವರ ಕೋಷ್ಟಕಗಳನ್ನು, ಅವು ಕ್ರಿ.ಶ. 700ರಿಂದ 1799ರವರೆಗಿವೆ. ಶಕವರ್ಷಕ್ಕೆ 78 ಕೂಡಿಸಿ ಕೈತೊಳೆದುಕೊಂಡರೆ ಪುಷ್ಯ, ಮಾಘ, ಫಾಲ್ಗುಣಗಳಲ್ಲಿ ಒಂದು ವರ್ಷ ತಪ್ಪುವ ಸಂಭವ ಹೆಚ್ಚು, ಅಲ್ಲಿ 79 ಬೇಕಾಗುತ್ತದೆ. ಗತಶಕವೋ (ಕಳೆದು ಮುಗಿದ ವರ್ಷಗಳ ಎಣಿಕೆ) ವರ್ತಮಾನಶಕವೋ (ನಡೆಯುತ್ತಿರುವ ವರ್ಷದ ಎಣಿಕೆ) ಎಂಬುದನ್ನೂ ನೋಡಿಕೊಳ್ಳಬೇಕು.

ವಿದೇಶದ ಘಟನೆಗೆ ಗಂಟೆಯನ್ನೂ ನೋಡಿ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದು ಅಮೆರಿಕದಲ್ಲಿ 1969ರ ಜುಲೈ 20ರ ರಾತ್ರಿ. ನಮ್ಮಲ್ಲಿ ಆಗ 21ರ ಬೆಳಿಗ್ಗೆ 8 ಗಂಟೆ 26 ನಿಮಿಷ. ಇನ್ನು ನಮ್ಮ ಹಿರಿಯ ತಲೆಮಾರಿನ ಸಾಹಿತಿ, ಕಲಾವಿದರ ಜನ್ಮದಿನ ಜೂನ್ 1 ಎಂದಿದ್ದರೆ ಒಮ್ಮೆ ಅನುಮಾನಿಸಿ. ಅದೆಷ್ಟೋ ಸಲ ಅದು ತಾಯಿ ಹೇಳಿದ ದಿನವಲ್ಲ, ಶಾಲೆಗೆ ಸೇರಿಸಿಕೊಳ್ಳುವಾಗ ಹೆಡ್‌ಮಾಸ್ತರರು ಬರೆದುಕೊಂಡ ದಿನ.

ತಪ್ಪಾದಾಗ ತಿದ್ದುಪಡಿಯನ್ನು ಒಳಪುಟದ ಮೂಲೆಗೆ ಹಾಕಿದರೆ ಅಂಕಣ ಕತ್ತರಿಸಿಟ್ಟುಕೊಂಡವರಿಗೆ ಅದು ಸಿಗುವುದಿಲ್ಲ. ಮರುದಿನದ ಅದೇ ಅಂಕಣದ ಕೊನೆಯಲ್ಲಿ ಹಾಕಿ, ಜೊತೆಗೆ ಮರುವರ್ಷ ಬಳಸುವ ಮೂಲ ಕಡತದಲ್ಲೂ ತಿದ್ದಿಡಿ. ಎರಡನೆಯ ಕೆಲಸವನ್ನು ಯಾರೂ ಮಾಡದಿರುವುದರಿಂದಲೇ ಅದೇ ತಪ್ಪು ಮುಂದಿನ ಸೆಪ್ಟೆಂಬರ್‌ಗೆ ಮತ್ತೆ ಅಚ್ಚಾಗುತ್ತದೆ.

ಇಂತಿ,
ಗ್ರಂಥಾಲಯ ಸಿಬ್ಬಂದಿ ಓದುಗರು, ಚಿಕ್ಕಬಳ್ಳಾಪುರ